ಹೆಡ್‌ಲೈಟಿಗೊಂದು ತೆಳು ಅಂಗಿ

ನಮ್ಮ ಐ.ಡಿ.ಹಳ್ಳಿ ಕಡೆ ಕಾರಿಗೆಂದು ಶೆಡ್ ಕಟ್ಟಿಸಿದವರು ಕಡಿಮೆ. ಮನೆ ಮುಂದೆ ಬೇವಿನ ಮರವಿದ್ದರೆ ಸರಿ, ಇಲ್ಲದಿದ್ದರೆ ಬಯಲೇ ಗತಿ. ಬಿಸಿಲೋ, ಕೇಳಬೇಡಿ. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿರುವುದು ಇದೇ ಬಿಸಿಲನ್ನು ನಂಬಿ. ಅಲ್ಲಿ ಕರೆಂಟು ಕೊಡುವ ಬಿಸಿಲು ಇಲ್ಲಿ ಕಾರಿನ ಹೆಡ್‌ಲೈಟನ್ನು ಹಳದಿ ಮಾಡುತ್ತದೆ.

ಹಳೆಯ ಅಂಬಾಸಿಡರ್ ಕಾರುಗಳ ಹೆಡ್‌ಲೈಟು ಗಾಜಿನದು. ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನವು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿ ಕಂಡುಹಿಡಿದ ಪ್ಲಾಸ್ಟಿಕ್ ಇದು. ಹಗುರ, ಕಲ್ಲು ಬಡಿದರೂ ಸುಲಭಕ್ಕೆ ಒಡೆಯದು. ಆದರೆ ಅತಿನೇರಳೆ ಕಿರಣಕ್ಕೆ ಬಾಡುತ್ತದೆ. ಅದಕ್ಕೇ ಕಂಪನಿಯವರು ಮೇಲೊಂದು ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಧೂಳು, ಬಿಸಿಲಿಗೆ ಆ ಲೇಪನ ಸವೆದ ಮೇಲೆ ಮಂಜು ಕವಿಯಲು ಶುರು.

ನನ್ನ ಸೋದರಮಾವನ ಬಾಡಿಗೆ ಕಾರು ರಾತ್ರಿ ಹೊರಡುವುದೇ ಹೆರಿಗೆ, ಹಾವು ಕಡಿತ ಅಂತ ಮಧುಗಿರಿ ಆಸ್ಪತ್ರೆಗೆ. 'ಬಲ್ಬ್ ಬದಲಾಯಿಸಿದೀನಿ ಕಣೋ ಅಳಿಯ, ಆದ್ರೂ ಬೆಳಕು ಮುಂದಕ್ಕೇ ಹೋಗಲ್ಲ' ಅನ್ನುತ್ತಿದ್ದರು. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿ, ಸುತ್ತ ಕಲ್ಲಿಟ್ಟು ಹೋಗಿರುತ್ತಾರೆ. ಕಾಳು ಮನೆ ಸೇರಿದರೂ ಕಲ್ಲು ಅಲ್ಲೇ. ಜತೆಗೆ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು. ಮಂಕು ದೀಪದಲ್ಲಿ ಅವು ಕಾಣುವ ಹೊತ್ತಿಗೆ ಬ್ರೇಕಿಗೆ ಜಾಗವೇ ಇರುವುದಿಲ್ಲ.

ಸೆಮಿಸ್ಟರ್ ರಜೆಯಲ್ಲಿ ನಾವಿಬ್ಬರೂ ಸೇರಿ ಮನೆಯಲ್ಲೇ ಫಿಲ್ಮ್ ಹಾಕಿದೆವು. ಇದು ಟಿಪಿಯು ಎಂಬ ಪಾಲಿಯುರೆಥೇನಿನ ಪಾರದರ್ಶಕ ಹಾಳೆ, ದಪ್ಪ 200 ಮೈಕ್ರಾನಿನಷ್ಟು.

ಹಳದಿಯಾದ ಲೈಟಿನ ಮೇಲೆ ನೇರವಾಗಿ ಫಿಲ್ಮ್ ಅಂಟಿಸಿದರೆ ಹಳದಿಗೇ ಬೀಗ ಹಾಕಿದಂತೆ. ಮೊದಲು ಸುತ್ತಲಿನ ಪೇಂಟಿಗೆ ಟೇಪ್ ಹಚ್ಚಿ, ಲೈಟನ್ನು ನೀರು ಹಾಕುತ್ತಾ ವಾಟರ್ ಪೇಪರಿನಲ್ಲಿ ತಿಕ್ಕಬೇಕು: 800, 1500, 2000, ಕೊನೆಗೆ 3000 ನಂಬರು. ಮೊದಲ ಪೇಪರಿಗೆ ಲೈಟು ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಮಾವ ಗಾಬರಿಯಾದರು. ನಂಬರು ಏರಿದಂತೆ ತಿಳಿಯಾಗುತ್ತಾ, ಪಾಲಿಶ್ ಹಾಕಿದ ಮೇಲೆ ಒಳಗಿನ ಬಲ್ಬ್ ಸ್ಪಷ್ಟ ಕಂಡಿತು. ಟೂತ್‌ಪೇಸ್ಟ್ ತಿಕ್ಕಿದರೆ ಸಾಕು ಅನ್ನುವವರಿದ್ದಾರೆ. ಆ ಹೊಳಪು ಹೆಚ್ಚು ದಿನ ನಿಲ್ಲದು. ಡೀಟ್ ಇರುವ ಸೊಳ್ಳೆ ಔಷಧಿ ಬಳಿಯುವುದಂತೂ ಬೇಡವೇ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ತಿಕ್ಕಿದ ಮೇಲೆ ಕಂಪನಿಯ ಲೇಪನ ಉಳಿದಿರುವುದಿಲ್ಲ. ಹಾಗಾಗಿ ಯುವಿ ತಡೆಯುವ ಫಿಲ್ಮನ್ನೇ ಕೊಳ್ಳಬೇಕು. ಇಲ್ಲದಿದ್ದರೆ ಪಟ್ಟ ಶ್ರಮವೆಲ್ಲ ನೀರಪಾಲು.

ಅಂಟಿಸುವುದಕ್ಕೆ ತಾಳ್ಮೆ ಬೇಕು. ಹಳೇ ನ್ಯೂಸ್‌ಪೇಪರನ್ನು ಲೈಟಿನ ಮೇಲಿಟ್ಟು ಅಳತೆ ತೆಗೆದು, ಸ್ವಲ್ಪ ದೊಡ್ಡದಾಗಿ ಫಿಲ್ಮ್ ಕತ್ತರಿಸಿದೆ. ಅರ್ಧ ಲೀಟರ್ ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ ಬೆರೆಸಿ ಲೈಟಿಗೆ, ಫಿಲ್ಮಿನ ಅಂಟಿರುವ ಬದಿಗೆ, ಬೆರಳಿಗೂ ಸಿಂಪಡಿಸಿಕೊಳ್ಳಬೇಕು. ಆಗ ಫಿಲ್ಮ್ ಜಾರುತ್ತದೆ, ಬೇಕಾದಲ್ಲಿಗೆ ಸರಿಸಬಹುದು. ನಡುವಿನಿಂದ ಅಂಚಿನತ್ತ ಸ್ಕ್ವೀಜಿ ಎಳೆದು ನೀರು ಹೊರದೂಡಬೇಕು. ತಿರುವಿನಲ್ಲಿ ಸುಕ್ಕು ಬಂದರೆ ಅಕ್ಕನ ಹೇರ್ ಡ್ರೈಯರ್ ಇದ್ದೇ ಇದೆ. ಅಂಚು ಏಳುತ್ತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರು ಸಿಂಪಡಿಸಿ ಒತ್ತಿದರೆ ಹಿಡಿಯುತ್ತದೆ. ಬ್ಲೇಡನ್ನು ಲೈಟಿನ ಮೇಲೆ ಒತ್ತಬಾರದು, ಗೀರು ಶಾಶ್ವತ. ಪುಟ್ಟ ನೀರಗುಳ್ಳೆಗಳು ಕೆಲವು ದಿನದಲ್ಲಿ ತಾವೇ ಆರುತ್ತವೆ, ಚುಚ್ಚಬೇಡಿ. ಒಂದೆರಡು ದಿನ ಕಾರು ತೊಳೆಯಲೂಬಾರದು.

ಕಾಲೇಜಿನ ಪಾರ್ಕಿಂಗ್‌ನಲ್ಲಿ ಕಪ್ಪು, ನೀಲಿ ಫಿಲ್ಮ್ ಹಾಕಿದ ಹೆಡ್‌ಲೈಟುಗಳನ್ನೂ ನೋಡುತ್ತೇನೆ. ಸ್ಟೈಲೇನೋ ಸರಿ, ಬೆಳಕನ್ನು ತಾನೇ ನುಂಗುವ ಫಿಲ್ಮಿಗೆ ದುಡ್ಡು ಕೊಡುವುದು ನನಗಂತೂ ಅರ್ಥವಾಗದು. ಲೈಟು ತಿಳಿಯಾದ ಮೇಲೆ ಎದುರಿನವರ ಕಣ್ಣಿಗೆ ಹೊಡೆಯದಂತೆ ಡಿಪ್ ಬೆಳಕಿನ ಎತ್ತರವನ್ನು ಗೋಡೆಗೆ ಬಿಟ್ಟು ಸರಿಪಡಿಸಿಕೊಂಡೆವು.

ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ತಾತ 'ನಮ್ ಟ್ರ್ಯಾಕ್ಟರಿಗೂ ಒಂದು ಅಂಟ್ಸಪ್ಪ' ಅಂದರು. ಅವರ ಹಳೇ ಟ್ರ್ಯಾಕ್ಟರಿನ ಲೈಟು ಗಾಜಿನದು, ಫಿಲ್ಮ್ ಬೇಕಿಲ್ಲ. ಟ್ರೇಲರಿನ ಹಿಂದಕ್ಕೆ ಎರಡು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಟ್ಟೆ.