ಗೌನಿಪಲ್ಲಿಯಿಂದಲೇ ಬೆಂಗಳೂರಿನ ಸರ್ವರ್

ಗೌನಿಪಲ್ಲಿಯ ಮನೆಯಲ್ಲಿ ಕೂತು ಬೆಂಗಳೂರಿನ ಸರ್ವರ್ ನೋಡಿಕೊಳ್ಳಬಹುದಾ? ಖಂಡಿತ. ಆದರೆ ಮೊದಲು ಆ ಯಂತ್ರ ರೆಡ್ ಹ್ಯಾಟ್‌ನಲ್ಲಿ ನೋಂದಣಿ ಆಗಿರಬೇಕು.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಟರ್ಮಿನಲ್ ತೆರೆದು ‘ಸುಡೊ ಆರ್‌ಎಚ್‌ಸಿ ಕನೆಕ್ಟ್’ ಕೊಡಿ. ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಬರೆದಿಡುವ ಅಭ್ಯಾಸ ಬೇಡವೇ ಬೇಡ, ಆಕ್ಟಿವೇಶನ್ ಕೀ ಬಳಸಿ. ನೋಂದಣಿಯಾದ ಯಂತ್ರಕ್ಕೆ ಅದರದೇ ಗುರುತಿನ ಸರ್ಟಿಫಿಕೇಟ್ ಸಿಗುತ್ತದೆ, ಅಪ್‌ಡೇಟ್‌ಗಳು ಬರತೊಡಗುತ್ತವೆ.

ಹಾಗಾದರೆ ಹೊರಗಿನಿಂದ ಒಳಬರಲು ಪೋರ್ಟ್ ತೆರೆದಿಡಬೇಕಾ? ಬೇಕಿಲ್ಲ! ಸರ್ವರ್ ತಾನೇ 443ನೇ ಪೋರ್ಟ್ ಮೂಲಕ ರೆಡ್ ಹ್ಯಾಟ್‌ನ ಕ್ಲೌಡ್ ಕಡೆಗೆ ಸಂಪರ್ಕ ಹಿಡಿದಿರುತ್ತದೆ. ನೀವು ಬ್ರೌಸರ್‌ನಲ್ಲಿ ಒಪ್ಪಿದ ದುರಸ್ತಿಯ ಪ್ಲೇಬುಕ್, ಅಂದರೆ ಯಂತ್ರ ಮಾಡಬೇಕಾದ ಕೆಲಸಗಳ ಪಟ್ಟಿ, ಅದೇ ದಾರಿಯಲ್ಲಿ ಬರುತ್ತದೆ. ಅದರ ಡಿಜಿಟಲ್ ಸಹಿ ಸರಿಯಿದ್ದರೆ ಮಾತ್ರ ಓಡುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ.

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಡಿಪ್ಲೊಮಾ ಹುಡುಗ ಹುಡುಗಿಯರೇ, ಕಲಿಯೋಕೆ ದುಡ್ಡು ಬೇಕಿಲ್ಲ. 2021ರಿಂದ ವೈಯಕ್ತಿಕ ಡೆವಲಪರ್ ಸಬ್‌ಸ್ಕ್ರಿಪ್ಷನ್‌ನಲ್ಲಿ 16 ಯಂತ್ರಗಳವರೆಗೆ ಉಚಿತ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷೀನ್ ಹಾಕಿ, ಎರಡನ್ನೂ ನೋಂದಾಯಿಸಿ, ಒಂದರಲ್ಲಿ ಬೇಕಂತಲೇ ಹಳೇ ಪ್ಯಾಕೇಜ್ ಉಳಿಸಿ ದೂರದಿಂದ ಸರಿಪಡಿಸಿ.

ಯಂತ್ರ ಅಳಿಸುವ ಮುನ್ನ ‘ಆರ್‌ಎಚ್‌ಸಿ ಡಿಸ್‌ಕನೆಕ್ಟ್’ ಕೊಡೋದು ಮರೀಬೇಡಿ. ಇಲ್ಲದಿದ್ದರೆ ಅದರ ಹೆಸರು ನಿಮ್ಮ ಖಾತೆಯ ಪಟ್ಟಿಯಲ್ಲೇ ಉಳಿದುಬಿಡಬಹುದು.