ಸೂರ್ಯಪಾನದ ಬಳಗ: ನಂಬಿಕೆ ಯಾವುದು, ನಿಜ ಯಾವುದು?

ತುಂಗಭದ್ರಾ ಎಡದಂಡೆ ಕಾಲುವೆ ಹರಿದಲ್ಲೆಲ್ಲ ಸಿಂಧನೂರು ಭತ್ತದ ಸೀಮೆ. ಮಳೆಯನ್ನೇ ನಂಬಿದ ಲಿಂಗಸುಗೂರು, ಮಸ್ಕಿ ಕಡೆಯ ಎರೆ ಹೊಲಗಳಿಗೆ ಸೂರ್ಯಪಾನ, ಕುಸುಬಿ ಒಗ್ಗುತ್ತವೆ. ಈ ಎರಡಕ್ಕೂ ಗುರೆಳ್ಳು, ಸೇವಂತಿಗೆ, ಚೆಂಡು ಹೂವಿಗೂ ಕುಟುಂಬ ಒಂದೇ, ಆಸ್ಟರೇಸಿ. ಒಡ್ಡಿನ ಮೇಲಿನ ಕಾಂಗ್ರೆಸ್ ಕಸವೂ ಇದೇ ಕುಟುಂಬದ್ದು. ಈ ನಂಟು ತಿಳಿದರೆ ಹಲವು ತಪ್ಪು ಕಲ್ಪನೆಗಳು ತಾವಾಗಿ ಕಳಚುತ್ತವೆ.

ತಪ್ಪು ಕಲ್ಪನೆ: ಸೂರ್ಯಪಾನದ ಒಂದು ತೆನೆ ಅಂದರೆ ಒಂದು ಹೂವು.
ಸತ್ಯ: ತೆನೆಯನ್ನು ಮುರಿದು ನೋಡಿ. ಸುತ್ತಲಿನ ಒಂದೊಂದು ಹಳದಿ ಎಸಳೂ ಒಂದೊಂದು ಹೂವು. ಅವು ಕಾಳು ಕಟ್ಟುವುದಿಲ್ಲ, ಜೇನನ್ನು ಕರೆಯುತ್ತವೆ ಅಷ್ಟೆ. ನಡುವಿನ ತಟ್ಟೆಯಲ್ಲಿ ನೂರಾರು, ದೊಡ್ಡ ತೆನೆಯಾದರೆ ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆ ಹೂಗಳಿರುತ್ತವೆ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳಿ ಮುಗಿಯಲು ವಾರವೇ ಬೇಕು. ಹೂವಿಗೊಂದರಂತೆ ಕಾಳು.

ತಪ್ಪು ಕಲ್ಪನೆ: ಅರಳಿದ ಹೂವು ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ.
ಸತ್ಯ: ತಿರುಗುವುದು ಎಳೆ ಗಿಡ ಮತ್ತು ಮೊಗ್ಗು. ಹಗಲಲ್ಲಿ ಕಾಂಡದ ಪೂರ್ವದ ಮಗ್ಗುಲು, ರಾತ್ರಿ ಪಶ್ಚಿಮದ ಮಗ್ಗುಲು ಹೆಚ್ಚು ಬೆಳೆಯುವುದರಿಂದ ಈ ಚಲನೆ. ಅರಳಿದ ಮೇಲೆ ತೆನೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಕಾಯುವ ಇಂಥ ತೆನೆಗಳಿಗೆ ಜೇನು ಹೆಚ್ಚು ಬರುತ್ತದೆಂದು ಅಮೆರಿಕದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು.

ತಪ್ಪು ಕಲ್ಪನೆ: ಕಾಳು ಜಳ್ಳಾದರೆ ಬೀಜವೇ ಕಳಪೆ.
ಸತ್ಯ: ತೇವ ಸಾಲದಿದ್ದರೂ, ಬೋರಾನ್ ಕೊರತೆಯಾದರೂ ಜಳ್ಳಾಗುತ್ತದೆ. ಆದರೆ ಪರಾಗ ಸೇರದೆ ಜಳ್ಳಾಗುವುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸೂರ್ಯಪಾನದ ಪರಾಗ ಅಂಟು, ಭಾರ, ಗಾಳಿಗೆ ಹಾರದು. ಹೂ ಹೂವಿಗೂ ಜೇನು ಕೂತರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಹೂ ಬಿಟ್ಟಾಗ ಬೆಳಿಗ್ಗೆ ಕೀಟನಾಶಕ ಹೊಡೆದರೆ ಹುಳದ ಜೊತೆ ಜೇನೂ ಸಾಯುತ್ತದೆ. ಜೇನು ಕಡಿಮೆ ಇದ್ದಲ್ಲಿ ಬೆಳಿಗ್ಗೆ 8ರಿಂದ 11ರೊಳಗೆ, ದಿನ ಬಿಟ್ಟು ದಿನ, ಮೆತ್ತನೆಯ ಬಟ್ಟೆಯಿಂದ ತೆನೆಗಳನ್ನು ಹಗುರವಾಗಿ ಸವರುತ್ತ ಹೋಗಬೇಕು.

ತಪ್ಪು ಕಲ್ಪನೆ: ಕುಸುಬಿ ಎಸಳು ಕೇಸರಿಯ ಒಂದು ಬಗೆ.
ಸತ್ಯ: ಬಣ್ಣ ಒಂದೇ, ಸಂಬಂಧ ಇಲ್ಲ. ಕೇಸರಿ ಬೇರೆಯೇ ಕುಟುಂಬದ ಗಡ್ಡೆ ಗಿಡ. ಬಳಸುವುದು ಅದರ ಹೂವಿನೊಳಗಿನ ಕೆಂಪು ಶಲಾಕಾಗ್ರವನ್ನು. ಕುಸುಬಿ ಎಸಳನ್ನು ಕೇಸರಿ ಎಂದು ಮಾರುವುದು ಹಳೆಯ ಕಲಬೆರಕೆ.

ತಪ್ಪು ಕಲ್ಪನೆ: ಕಾಂಗ್ರೆಸ್ ಕಸ ಒಡ್ಡಿನ ಮೇಲಿದ್ದರೆ ಬೆಳೆಗೇನೂ ಆಗದು.
ಸತ್ಯ: 1997ರಲ್ಲಿ ಬಾಗೇಪಲ್ಲಿ ಭಾಗದಲ್ಲಿ ಸೂರ್ಯಪಾನಕ್ಕೆ ನೆಕ್ರೋಸಿಸ್ ರೋಗ ಕಾಣಿಸಿಕೊಂಡಿತು. ಎಲೆ ಒಣಗಿ ಕಪ್ಪಾಗುತ್ತದೆ, ಗಿಡ ತಿರುಚಿಕೊಳ್ಳುತ್ತದೆ, ತೆನೆ ಸರಿಯಾಗಿ ಬಿಚ್ಚುವುದಿಲ್ಲ. ಇದನ್ನು ತರುವ ವೈರಸ್ ಕಾಂಗ್ರೆಸ್ ಕಸದಲ್ಲಿ ಯಾವ ಗುರುತನ್ನೂ ತೋರದೆ ಅಡಗಿರುತ್ತದೆ. ಆ ಕಸದ ಪರಾಗವನ್ನು ಮೈಗೆ ಹತ್ತಿಸಿಕೊಂಡ ಥ್ರಿಪ್ಸ್ ಹುಳ ಸೂರ್ಯಪಾನದ ಎಲೆಯನ್ನು ಕೆರೆದಾಗ, ಆ ಗಾಯದಿಂದ ವೈರಸ್ ಒಳಹೋಗುತ್ತದೆ.

ತಪ್ಪು ಕಲ್ಪನೆ: ಕಾಂಗ್ರೆಸ್ ಕಸ ತಿನ್ನಲು ತಂದ ದುಂಬಿ ಸೂರ್ಯಪಾನವನ್ನೂ ಮುಗಿಸುತ್ತದೆ.
ಸತ್ಯ: ಬಿಳಿ ಬೆನ್ನಿನ ಮೇಲೆ ಕಂದು ಗೀರುಗಳಿರುವ ಈ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಡಲಾಯಿತು. ಮುಂದೆ ಅದು ಸೂರ್ಯಪಾನದ ಎಲೆ ಮೆಲ್ಲುವುದು ಕಂಡು ದೊಡ್ಡ ಗದ್ದಲವೇ ಆಯಿತು. ಪರೀಕ್ಷಿಸಿದಾಗ ತಿಳಿದದ್ದಿಷ್ಟು: ಕಾಂಗ್ರೆಸ್ ಕಸದ ಪರಾಗ ಬಿದ್ದ ಎಲೆಗೆ ಅದು ಬಾಯಿ ಹಾಕುತ್ತಿತ್ತು. ಅಂದರೆ ಇಲ್ಲೂ ಮೂಲ ಆ ಕಸವೇ. ದುಂಬಿಗೆ ಔಷಧ ಹೊಡೆಯುವ ಬದಲು ಒಡ್ಡಿನ ಕಸವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಿದರೆ ರೋಗಕ್ಕೂ ದುಂಬಿಗೂ ಒಟ್ಟಿಗೇ ದಾರಿ ಮುಚ್ಚುತ್ತದೆ.