ಕೇಶಕ್ಕೆ ಸೀಗೆಯೂ ಗೋರಂಟಿಯೂ

ನಮ್ಮ ರಾವೂರ, ವಾಡಿ, ಶಹಾಬಾದಗಳ ನೆಲವು ಸುಣ್ಣಕಲ್ಲಿನದು. ಆದುದರಿಂದ ಬಾವಿಯ ನೀರು ಗಡಸು. ಅಂತಹ ನೀರಿನಲ್ಲಿ ಸಾಬೂನು ಸುಣ್ಣದೊಡನೆ ಕೂಡಿ, ಜಿಗುಟಾದ ಗಸಿಯಾಗಿ ಕೂದಲಿಗೆ ಅಂಟುವುದು. ಸೀಗೆಕಾಯಿ, ಅಂಟುವಾಳಗಳ ನೊರೆಯು ಹಾಗೆ ಗಸಿಗಟ್ಟದು. ಅಜ್ಜಿಯರು ಅವನ್ನು ಬಳಸಿದುದು ಸಕಾರಣವೇ ಸರಿ.

ಇನ್ನು ಬಣ್ಣದ ಮಾತು. ಗೋರಂಟಿಯ ಎಲೆಯು ನರೆಗೂದಲಿಗೆ ಕೆಂಪನ್ನು ಕೊಡುವುದೇ ಹೊರತು ಕಪ್ಪನ್ನಲ್ಲ. ಕಪ್ಪು ಬೇಕೆನ್ನುವವರು ಅದನ್ನು ತೊಳೆದ ಬಳಿಕ ನೀಲಿಗಿಡದ ಎಲೆಯ ಪುಡಿಯನ್ನು ಕಲಸಿ ಹಚ್ಚಬೇಕು. "ಕಪ್ಪು ಮೆಹಂದಿ" ಎಂದು ಮಾರುವ, ಗಳಿಗೆಯಲ್ಲಿ ಕಪ್ಪಾಗಿಸುವ ಅನೇಕ ಪುಡಿಗಳಲ್ಲಿ ಪ್ಯಾರಾಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕವಿರುವುದು. ಅದರಿಂದ ಕೆಲವರಿಗೆ ಮುಖವು ಬಾತು, ಚರ್ಮದಲ್ಲಿ ಬೊಕ್ಕೆಗಳೇಳುವುವು.

ತಾಯಂದಿರೇ, ಹಳೆಯ ವಿದ್ಯಾರ್ಥಿನಿಯರೇ, ಗಳಿಗೆಯಲ್ಲಿ ಕಪ್ಪಾಗಿಸುವುದು ಗೋರಂಟಿಯ ಗುಣವಲ್ಲ. ಓದು ಬಲ್ಲ ನೀವು ಪೊಟ್ಟಣದ ಬರಹವನ್ನು ಓದದೆ ಯಾರ ತಲೆಗೂ ಹಚ್ಚದಿರಿ.